ಡು ಪ್ಲೆಸಿ, ಡೂಪ್ಲೆ, ದುಬುವಾ: ಫ್ರೆಂಚರ ಅಡ್ಡಹೆಸರು ಎಲ್ಲಿಂದ ಬಂದವು?

ಚಿನ್ನಸ್ವಾಮಿ ಗ್ಯಾಲರಿ

ಬಹಳ ದಿನದಿಂದ ತಲೆ ಕೊರೀತಿರೋ ವಿಷಯ. ನಮ್ಮ ಆರ್‌ಸಿಬಿಗೆ ಆಡಿದ ದಕ್ಷಿಣ ಆಫ್ರಿಕಾದವರನ್ನ ನೆನಪು ಮಾಡ್ಕೊಳ್ಳಿ: ಎಬಿ ಡಿ ವಿಲಿಯರ್ಸ್, ಫಾಫ್ ಡು ಪ್ಲೆಸಿ, ರೈಲಿ ರೂಸೋ. ಮನೆಮಾತು ಆಫ್ರಿಕಾನ್ಸ್, ಅಂದ್ರೆ ಡಚ್ ಕಡೆಯ ಭಾಷೆ. ಹೆಸರು ಮಾತ್ರ ಪಕ್ಕಾ ಫ್ರೆಂಚ್. ಇದು ಹೆಂಗೆ? ಆ ಹೆಸರುಗಳಿಗೆ ಅರ್ಥ ಏನಾದ್ರೂ ಇದ್ಯಾ, ಇಲ್ಲ ಸುಮ್ನೆ ಕೇಳೋಕೆ ಚೆಂದ ಅಷ್ಟೇನಾ? ಗೂಗಲ್ ಮಾಡಿದ್ರೆ ಒಂದೊಂದು ಸೈಟು ಒಂದೊಂದು ಹೇಳತ್ತೆ, ಕೊನೆಗೆ "ನಿಮ್ಮ ವಂಶದ ಲಾಂಛನ ಬೇಕಾ, ಇಷ್ಟು ಕಟ್ಟಿ" ಅನ್ನತ್ತೆ. ಗೊತ್ತಿರೋರು ಹೇಳಿ ಗುರು.

ಇತಿಹಾಸದ ಮೇಷ್ಟ್ರು

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಅರ್ಥದ ವಿಚಾರ ಫ್ರೆಂಚ್ ಬಲ್ಲವರಿಗೆ ಬಿಟ್ಟಿದ್ದು.

1685ರಲ್ಲಿ ಹದಿನಾಲ್ಕನೆಯ ಲೂಯಿ ನಾಂತ್ ಶಾಸನವನ್ನು ರದ್ದುಮಾಡಿದ. ಪ್ರಾಟೆಸ್ಟೆಂಟರಿಗೆ ಅಲ್ಲಿಯವರೆಗೆ ಇದ್ದ ರಕ್ಷಣೆ ಹೋಯಿತು. ಹ್ಯೂಗೆನಾಟರು ಎಂದು ಕರೆಸಿಕೊಳ್ಳುತ್ತಿದ್ದ ಇವರು ಇಂಗ್ಲೆಂಡ್, ಹಾಲೆಂಡ್, ಜರ್ಮನಿಗಳಿಗೆ ಓಡಿದರು. ಹಾಲೆಂಡಿಗೆ ಹೋದವರಲ್ಲಿ ಸುಮಾರು 200 ಜನರನ್ನು ಡಚ್ ಈಸ್ಟ್ ಇಂಡಿಯಾ ಕಂಪನಿ 1688ರ ಆಚೀಚೆ ಹಡಗು ಹತ್ತಿಸಿ ದಕ್ಷಿಣ ಆಫ್ರಿಕಾದ ತುದಿಯ ಕೇಪ್‌ಗೆ ಕಳಿಸಿತು. ಅವರಿಗೆ ಭೂಮಿ ಕೊಟ್ಟ ಕಣಿವೆಗೆ ಇಂದಿಗೂ ಫ್ರಾನ್ಶುಕ್, ಎಂದರೆ ಫ್ರೆಂಚರ ಮೂಲೆ, ಎಂಬ ಹೆಸರಿದೆ. ಆದರೆ ಕಂಪನಿ ಅವರನ್ನು ಡಚ್ಚರ ನಡುವೆ ಚದುರಿಸಿ ಕೂರಿಸಿತು, ಶಾಲೆಯಲ್ಲಿ ಚರ್ಚಿನಲ್ಲಿ ಡಚ್ಚನ್ನೇ ಮುಂದೆ ಮಾಡಿತು. ಮೊಮ್ಮಕ್ಕಳ ಕಾಲಕ್ಕೆ ಮಾತು ಹೋಗಿ ಹೆಸರು ಉಳಿಯಿತು. ಉಳಿದ ಹೆಸರೂ ಡಚ್ಚರ ಬಾಯಿಗೆ ಸಿಕ್ಕಿ ರೂಪ ಬದಲಿಸಿತು. ವಿಲ್ಯೋಂ ಎಂಬುದು ಫಿಲ್ಯೂನ್ ಆಯಿತು, ಕ್ರೋನಿಯೆ ಎಂಬುದು ಕ್ರಿಕೆಟಿಗ ಹ್ಯಾನ್ಸಿಯ ಕ್ರೋನ್ಯೆ ಆಯಿತು.

ಮದಾಮ್ ಶಿವಣ್ಣ, ಲಿಲ್

ಮೇಷ್ಟ್ರೇ, ನಮಸ್ಕಾರ. ಅರ್ಥದ ಭಾಗ ನಾನು ಹೇಳ್ತೀನಿ. ಉತ್ತರ ಫ್ರಾನ್ಸಿನಲ್ಲಿದ್ದೀನಿ, ಬಿಡುವಾದ ಶನಿವಾರ ಇಲ್ಲಿನ ಹಳೇ ಚರ್ಚ್ ದಾಖಲೆ ಓದೋ ಗುಂಪಿನ ಜೊತೆ ಕೂರ್ತೀನಿ. ಹಾಗಾಗಿ ಈ ಹುಚ್ಚು ಸ್ವಲ್ಪ ಹತ್ತಿದೆ.

ರೂಸೋ: ಕೆಂಚು ಕೂದಲಿನವನು. ಹೆಸರಾಂತ ತತ್ತ್ವಜ್ಞಾನಿಯ ಹೆಸರೇ ಇದು, ಆಫ್ರಿಕಾನ್ಸಿನಲ್ಲಿ ಕಾಗುಣಿತ ಮಾತ್ರ ಬೇರೆ. ರೂ, ಲೆರೂ, ರುಸೆಲ್ ಎಲ್ಲ ಇದೇ ಬಳ್ಳಿಯವು.

ಡಿ ವಿಲಿಯರ್ಸ್: ವಿಲಿಯೆ ಅನ್ನೋ ಊರಿನವನು. ದೊಡ್ಡ ಜಮೀನಿಗೆ ಅಂಟಿಕೊಂಡ ಪುಟ್ಟ ಹಳ್ಳಿಗೆ ಹಳೇ ಲ್ಯಾಟಿನ್ನಿನಲ್ಲಿ ವಿಲ್ಲಾರೆ ಅಂತಿದ್ರು. ಆ ಹೆಸರಿನ ಊರುಗಳು ಫ್ರಾನ್ಸಿನ ತುಂಬ ಇವೆ.

ಡು ಪ್ಲೆಸಿ: ನನಗೆ ಇಷ್ಟವಾದದ್ದು ಇದು. ಜೀವಂತ ಗಿಡಗಳ ಕೊಂಬೆಗಳನ್ನ ಬಗ್ಗಿಸಿ ಒಂದಕ್ಕೊಂದು ಹೆಣೆದು ಮಾಡಿದ ಬೇಲಿ ಪ್ಲೆಸಿ. ಆಮೇಲೆ ಅಂಥ ಬೇಲಿಯೊಳಗಿನ ಜಾಗ, ಅಲ್ಲಿ ಕಟ್ಟಿದ ಭದ್ರವಾದ ಮನೆ, ಕೊನೆಗೆ ಊರು, ಎಲ್ಲಕ್ಕೂ ಅದೇ ಹೆಸರಾಯ್ತು. ಹದಿಮೂರನೇ ಲೂಯಿಯ ಮುಖ್ಯಮಂತ್ರಿ ಕಾರ್ಡಿನಲ್ ರಿಶಲ್ಯೂ ಇದ್ದನಲ್ಲ, ಅವನ ಮನೆತನದ ಹೆಸರು ದು ಪ್ಲೆಸಿ. ಇನ್ನೊಂದು ಕೇಳಿ. ಹೈಸ್ಕೂಲ್ ಪುಸ್ತಕದ ಡೂಪ್ಲೆ, ಪಾಂಡಿಚೇರಿ ಗವರ್ನರ್, ಅವನ ಹೆಸರೂ ಇದೇ ಪದದ ಇನ್ನೊಂದು ರೂಪ.

ಚಿನ್ನಸ್ವಾಮಿ ಗ್ಯಾಲರಿ

ಏನ್ ಹೇಳ್ತಿದೀರ ಮೇಡಂ! ಕರ್ನಾಟಿಕ್ ಯುದ್ಧದ ಡೂಪ್ಲೆ, ನಮ್ ಹಳೇ ಕ್ಯಾಪ್ಟನ್ ಫಾಫು ಒಂದೇ ಬೇಲಿಯೋರಾ? ಇದನ್ನ ಆಗಲೇ ಹೇಳಿದ್ದಿದ್ರೆ ಹಿಸ್ಟರಿಲಿ ಪಾಸಾಗ್ತಿದ್ದೆ.

ಮದಾಮ್ ಶಿವಣ್ಣ, ಲಿಲ್

ಬೇಲಿ ಒಂದೇ ಜಾತಿಯದು, ವಂಶ ಒಂದೇ ಅಂತಲ್ಲಪ್ಪ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಲಾಂಛನ ಮಾರೋ ಸೈಟುಗಳು ಮಾಡೋ ಮೋಸವೇ ಇದು. ಪ್ಲೆಸಿ ಅನ್ನೋ ಊರು ನೂರಾರು ಕಡೆ ಇದ್ದವು. ಅಲ್ಲಿಂದ ಬೇರೆ ಊರಿಗೆ ಹೋದವನಿಗೆಲ್ಲ ಅಕ್ಕಪಕ್ಕದವರು ಆ ಹೆಸರಿಟ್ರು. ಅರ್ಥ ಗೊತ್ತಾದ ಮಾತ್ರಕ್ಕೆ ವಂಶ ಗೊತ್ತಾಗಲ್ಲ. ಆದ್ರೆ ಹೆಸರಿನ ರೂಪ ನೋಡಿದ್ರೆ ಯಾವ ಸೀಮೆಯವರು ಅನ್ನೋದು ತುಂಬ ಸಲ ಸಿಗತ್ತೆ. ಫ್ರೆಂಚ್ ಅಡ್ಡಹೆಸರಲ್ಲಿ ನಿಜವಾಗಿ ನೋಡಬೇಕಾದ್ದು ಅದು.

ಹುಬ್ಬಳ್ಳಿ ಬಡಿಗೇರ

ಅಲ್ರೀ ಮೇಡಂ, ಸೀಮಿ ಹೆಂಗ ಗೊತ್ತಾಗತೈತ್ರಿ? ಒಂದು ಉದಾಹರಣಿ ಕೊಟ್ಟು ಹೇಳ್ರಿ. ನಮ್ಮ ಕಡೆ ಬಡಿಗೇರ, ಕಮ್ಮಾರ, ಪತ್ತಾರ ಅಂದ್ರ ಕಸಬು ಗೊತ್ತಾಕ್ಕೈತಿ. ಅಲ್ಲೂ ಹಂಗ ಐತೇನು?

ಮದಾಮ್ ಶಿವಣ್ಣ, ಲಿಲ್

ಬಡಿಗೇರರೇ, ಕಮ್ಮಾರನನ್ನೇ ತಗೊಳ್ಳೋಣ. ಕಬ್ಬಿಣ ಬಡಿಯೋನಿಲ್ಲದ ಊರಿರಲಿಲ್ಲ, ಹಾಗಾಗಿ ಎಲ್ಲ ಸೀಮೆಯಲ್ಲೂ ಈ ಹೆಸರಿದೆ. ಲ್ಯಾಟಿನ್ನಿನಲ್ಲಿ ಫಾಬೆರ್. ಅದು ಉತ್ತರದಲ್ಲಿ ಲೆಫೆವ್ರ್ ಆಯ್ತು. ದಕ್ಷಿಣಕ್ಕೆ ಇಳಿದು ಲಾಂಗ್ದಾಕ್ ಕಡೆ ಹೋದರೆ ಫಾಬ್ರ್. ಹುಳುಹುಪ್ಪಟೆಗಳ ಬಗ್ಗೆ ಆಯುಷ್ಯವಿಡೀ ಬರೆದ ಝಾನ್-ಆನ್ರಿ ಫಾಬ್ರ್ ಅವೆರೋಂ ಜಿಲ್ಲೆಯವನು, ಅಂದ್ರೆ ಆ ಸೀಮೆಯವನೇ. ಓವೆರ್ಞ್, ದೊಫಿನೆ ಕಡೆ ಅದೇ ಹೆಸರು ಫೋರ್. ಆಲ್ಪ್ಸ್ ಬುಡದ ಸಾವೋಯಿನಲ್ಲೂ ಫ್ರೆಂಚ್ ಮಾತಾಡೋ ಸ್ವಿಟ್ಜರ್ಲೆಂಡಿನಲ್ಲೂ ಫಾವ್ರ್. ಬ್ರಿಟನಿಯ ಮಾತು ಸೆಲ್ಟಿಕ್, ಅಲ್ಲಿ ಲೆ ಗೋಫ್. ಅಲ್ಸಾಸಿನಲ್ಲಿ ಜರ್ಮನ್ ನುಡಿ, ಅಲ್ಲಿ ಶ್ಮಿಟ್. ಬೆಲ್ಜಿಯಂ ಗಡಿಗೆ ಅಂಟಿಕೊಂಡ ನಮ್ಮ ಕಡೆ ಫ್ಲೆಮಿಶ್ ಇದ್ದ ಊರುಗಳಲ್ಲಿ ದೆಸ್ಮೆಟ್. ಎಲ್ಲರೂ ಕಮ್ಮಾರರೇ! ಯಾವನಾದ್ರೂ "ನಾನು ಮಿಸ್ಯು ಫಾವ್ರ್" ಅಂದ್ರೆ ಅವನ ಅಜ್ಜನ ಅಜ್ಜ ಸಾವೋಯಿ ಕಡೆಯವನು ಅಂತ ಧೈರ್ಯವಾಗಿ ಪಂಥ ಕಟ್ಟಬಹುದು.

ದರ್ಜಿ ಕೂಡ ಹೀಗೇ. ಸಾರ್ತ್ರ್ ಅಂದ್ರೆ ದಕ್ಷಿಣದ ನುಡಿಯಲ್ಲಿ ದರ್ಜಿ. ಪಾರ್ಮಾಂತಿಯೆ ಅಂದ್ರೂ ದರ್ಜಿ. ಫ್ರೆಂಚರಿಗೆ ಆಲೂಗಡ್ಡೆ ತಿನ್ನೋಕೆ ಕಲಿಸಿದವನ ಹೆಸರು ಅದು.

ನಿಮ್ಮ ಕಸುಬಿನ ಹೆಸರು ಹೇಳದೆ ಬಿಟ್ರೆ ತಪ್ಪಾಗತ್ತೆ. ಬಡಗಿ ಪ್ಯಾರಿಸ್ ಕಡೆ ಶಾರ್ಪಾಂತಿಯೆ. ನಮ್ಮ ಪಿಕಾರ್ದಿ, ನಾರ್ಮಂಡಿಯಲ್ಲಿ ಕಾರ್ಪಾಂತಿಯೆ. ಲ್ಯಾಟಿನ್ನಿನ ಕ ಪ್ಯಾರಿಸ್ಸಿನಲ್ಲಿ ಶ ಆಯ್ತು, ಇಲ್ಲಿ ಕ ಆಗಿಯೇ ಉಳೀತು. ಭಾಷಾಶಾಸ್ತ್ರದವರು ಇದಕ್ಕೆ ಝೊರೆ ರೇಖೆ ಅಂತ ನಕ್ಷೆಯ ಮೇಲೆ ಗೆರೆನೇ ಎಳೆದಿದ್ದಾರೆ. ಗಾಡಿಚಕ್ರ ಮಾಡೋನು ಆ ಕಡೆ ಶಾರೋಂ, ಈ ಕಡೆ ಕಾರೋಂ. ನಮ್ಮ ಬೀದಿಯಲ್ಲೇ ಕಾರೋಂ ಮನೆತನದವರು ಎರಡು ಮನೆ ಇದ್ದಾರೆ. ಬೋಳುತಲೆಯವನು ಅಲ್ಲಿ ಶೋವ್ಯಾಂ, ಇಲ್ಲಿ ಕೋವ್ಯಾಂ. ಪಿಕಾರ್ದಿಯ ನುವಾಯೋಂ ಊರಲ್ಲಿ 1509ರಲ್ಲಿ ಹುಟ್ಟಿದ ಝಾನ್ ಕೋವ್ಯಾಂ ಅನ್ನೋ ಹುಡುಗ ದೊಡ್ಡವನಾಗಿ ಲ್ಯಾಟಿನ್ನಿನಲ್ಲಿ ಕಾಲ್ವಿನುಸ್ ಅಂತ ಬರ್ಕೊಂಡ, ಜಗತ್ತಿಗೆ ಕ್ಯಾಲ್ವಿನ್ ಆದ. ಮೇಷ್ಟ್ರು ಹೇಳಿದ ಹ್ಯೂಗೆನಾಟರ ಗುರು ಇವನೇ.

ಹುಬ್ಬಳ್ಳಿ ಬಡಿಗೇರ

ಭಾರಿ ಐತಿ ಬಿಡ್ರಿ! ಕಾರ್ಪಾಂತಿಯೆ ನಮ್ಮ ಬೀಗ್ರಾದ್ರು ಅಂದಂಗಾತು. ಆದ್ರ ಒಂದು ಮಾತ್ರೀ. ನಮ್ಮಲ್ಲಿ ಅಡ್ಡಹೆಸರು ಕೇಳಿದ ಕೂಡ್ಲೆ ಜಾತಿ ಹುಡುಕ್ತಾರ. ಅಲ್ಲೂ ಅದ ಗತಿ ಏನು?

ಮದಾಮ್ ಶಿವಣ್ಣ, ಲಿಲ್

ಇಲ್ಲ ರೀ. ಹದಿಮೂರು, ಹದಿನಾಲ್ಕನೇ ಶತಮಾನದ ಹೊತ್ತಿಗೆ ಹೆಸರು ಅಪ್ಪನಿಂದ ಮಗನಿಗೆ ಇಳಿಯೋಕೆ ಶುರುವಾಯ್ತು, ಕಸುಬು ಹಾಗೆ ಇಳಿಯಲೇಬೇಕು ಅಂತಿರಲಿಲ್ಲ. ಫೂರ್ನಿಯೆ ಅಂದ್ರೆ ಊರ ಒಡೆಯನ ಒಲೆ ನೋಡಿಕೊಳ್ಳೋನು. ಜನ ತಮ್ಮ ಹಿಟ್ಟು ನಾದಿಕೊಂಡು ಬಂದು ಆ ಒಲೆಯಲ್ಲೇ ಬ್ರೆಡ್ ಬೇಯಿಸಿಕೊಳ್ಳಬೇಕು, ಅದಕ್ಕೆ ಒಡೆಯನಿಗೆ ಪಾಲು ಕೊಡಬೇಕು. ಆ ಫೂರ್ನಿಯೆಯ ಮೊಮ್ಮಗ ಕುರಿ ಕಾಯ್ತಿದ್ರೂ ಫೂರ್ನಿಯೆನೇ. ಇವತ್ತು ಹೆಸರು ಕೇಳಿ ಇಲ್ಲಿ ಹುಡುಕೋದು ಬೇರೆ: ಇವನು ಹೊರಗಿಂದ ಬಂದವನಾ ಅಂತ. ಅದು ಇನ್ನೊಂದು ದಿನದ ಜಗಳ.

ಗತ್ತಿನ ಗೌಡ

ಎಲ್ಲ ಸರಿ. ಆದ್ರೆ ಹೆಸರಿನ ಮುಂದೆ ದ, ದು ಇದ್ರೆ ಜಮೀನ್ದಾರಿ ಮನೆತನ ಅಂತ ಅಲ್ವಾ? ನಾನು ಓದಿದ್ದು ಹಂಗೆ. ಡಿ ವಿಲಿಯರ್ಸ್ ಆಟದಲ್ಲೇ ಒಂದು ರಾಜಗತ್ತು ಇತ್ತು.

ಇತಿಹಾಸದ ಮೇಷ್ಟ್ರು

ಗೌಡರೇ, ಗತ್ತು ಬ್ಯಾಟಿನದು. ದುಬುವಾ ಎಂದರೆ ಕಾಡಿನ ಪಕ್ಕದವನು, ದುಪೋಂ ಎಂದರೆ ಸೇತುವೆ ಹತ್ತಿರದವನು, ದ್ಯುಮಾ ಎಂದರೆ ದಕ್ಷಿಣದ ತೋಟದಮನೆಯವನು. ಇವೆಲ್ಲ ರೈತಾಪಿ ಜನರ ಹೆಸರು. ಶ್ರೀಮಂತರು ತಮ್ಮ ಜಾಗೀರಿನ ಹೆಸರನ್ನು ದ ಸೇರಿಸಿ ಹೇಳಿಕೊಳ್ಳುತ್ತಿದ್ದರು ನಿಜ. ಅದನ್ನು ನೋಡಿ ದುಡ್ಡಾದ ವರ್ತಕರೂ ಸೇರಿಸಿಕೊಂಡರು. ಕಾದಂಬರಿಕಾರ ಬಾಲ್ಝಾಕನ ಅಪ್ಪ ತಾರ್ನ್ ಕಡೆಯ ರೈತರ ಮಗ, ಹುಟ್ಟುಹೆಸರು ಬಾಲ್ಸಾ. ಪ್ಯಾರಿಸ್ಸಿಗೆ ಬಂದು ಬಾಲ್ಝಾಕ್ ಎಂದು ತಿದ್ದಿಕೊಂಡ, ಆಮೇಲೆ ದ ಕೂಡ ಬಂದು ಕೂತಿತು.

ಇದಕ್ಕಿಂತ ಸ್ವಾರಸ್ಯದ್ದು ಗಣಿತಜ್ಞ ದಲಾಂಬೆರನ ಕಥೆ. 1717ರ ನವೆಂಬರಿನಲ್ಲಿ ಪ್ಯಾರಿಸ್ಸಿನ ನೋತ್ರ್‌ದಾಮ್ ಪಕ್ಕದ ಸ್ಯಾಂ-ಝಾನ್-ಲ-ರೋಂ ಎಂಬ ಸಣ್ಣ ಚರ್ಚಿನ ಮೆಟ್ಟಿಲ ಮೇಲೆ ಒಂದು ಕೂಸನ್ನು ಬಿಟ್ಟು ಹೋಗಿದ್ದರು. ಸಿಕ್ಕ ಜಾಗದ ಹೆಸರನ್ನೇ ಇಟ್ಟರು: ಝಾನ್ ಲ ರೋಂ. ಗಾಜು ಕೂರಿಸುವವನ ಹೆಂಡತಿ ಸಾಕಿದಳು. ದಲಾಂಬೆರ್ ಎಂಬುದು ಮುಂದೆ ಸೇರಿಸಿಕೊಂಡದ್ದು. ಅದರಲ್ಲಿ ದ ಇದೆ, ಹಿಂದೆ ಯಾವ ಜಾಗೀರೂ ಇಲ್ಲ.

ಮದಾಮ್ ಶಿವಣ್ಣ, ಲಿಲ್

ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ಮೇಲೆ ಹೇಳಿದ ದೆಸ್ಮೆಟ್‌ನಲ್ಲಿರೋ ದೆ ಫ್ರೆಂಚಿನದ್ದೇ ಅಲ್ಲ. ಅದು ಫ್ಲೆಮಿಶ್, ಇಂಗ್ಲಿಷಿನ ದಿ ಇದ್ದಹಾಗೆ. "ಆ ಕಮ್ಮಾರ" ಅಂತ ಅಷ್ಟೆ.

ಗೌಡ್ರಿಗೆ ರಾಜನೇ ಬೇಕು ಅಂದ್ರೆ ಲೆರುವಾ ಇದೆ. ರುವಾ ಅಂದ್ರೆ ರಾಜ. ಫ್ರಾನ್ಸಿನಲ್ಲಿ ತುಂಬ ಸಾಮಾನ್ಯವಾದ ಹೆಸರು. ಅಷ್ಟು ರಾಜರು ಎಲ್ಲಿಂದ ಬಂದ್ರು? ಊರಹಬ್ಬದಲ್ಲಿ ಕಂಬದ ತುದಿಯ ಮರದ ಹಕ್ಕಿಗೆ ಬಾಣ ಹೊಡೆದು ಬೀಳಿಸಿದವನು ಆ ವರ್ಷಕ್ಕೆ ರಾಜ. ಇನ್ನು ಕೆಲವರು ರಾಜನ ಚಾಕರಿಯಲ್ಲಿದ್ದವರು, ಕೆಲವರು ಸುಮ್ನೆ ಜಂಬದವರು. ಕೊನೆಯವರಿಗೆ ಅಕ್ಕಪಕ್ಕದವರು ಬೇಕಂತಲೇ ಇಟ್ಟಿದ್ದು.

ಗತ್ತಿನ ಗೌಡ

ನನಗೇ ಇಟ್ಟಂಗಾಯ್ತು. ಇರ್ಲಿ ಬಿಡಿ. ನಿಜವಾದ ರಾಜನಿಗೆ ಏನಿತ್ತು ಅಡ್ಡಹೆಸರು?

ಇತಿಹಾಸದ ಮೇಷ್ಟ್ರು

ಇರಲಿಲ್ಲ. ಅದೇ ತಮಾಷೆ. 1790ರ ಜೂನ್‌ನಲ್ಲಿ ಕ್ರಾಂತಿಯ ಸಭೆ ಬಿರುದು ಬಾವಲಿಗಳನ್ನೆಲ್ಲ ರದ್ದುಮಾಡಿ, ಪ್ರತಿಯೊಬ್ಬನೂ ಮನೆತನದ ನಿಜ ಹೆಸರನ್ನೇ ಬಳಸಬೇಕು ಎಂದಿತು. 1792ರಲ್ಲಿ ದೊರೆತನ ಹೋದಮೇಲೆ ಹದಿನಾರನೆಯ ಲೂಯಿಯನ್ನು ವಿಚಾರಣೆಗೆ ನಿಲ್ಲಿಸುವಾಗ ಒಂದು ಅಡ್ಡಹೆಸರು ಬೇಕಾಯಿತು. ಎಂಟುನೂರು ವರ್ಷ ಹಿಂದಿನ ಪೂರ್ವಜ ಹ್ಯೂಗ್ ಕಾಪೆಯ ಉಪನಾಮ ಹುಡುಕಿ ಲೂಯಿ ಕಾಪೆ ಎಂದು ಕರೆದರು. ಅದು ನನ್ನ ಹೆಸರೇ ಅಲ್ಲ ಎಂದು ಅವನು ಬೇಸರಪಟ್ಟುಕೊಂಡ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅರಸೀಕೆರೆ ಅಕ್ಕ

ಮದಾಮ್ ಶಿವಣ್ಣ ಅವರೇ, ಹೆಸರು ಬರೆಯೋ ರೀತಿ ಯಾರು ತೀರ್ಮಾನ ಮಾಡ್ತಿದ್ರು? ಫ್ರೆಂಚ್‌ನಲ್ಲಿ ಬರೆಯೋದು ಒಂದು, ಓದೋದು ಇನ್ನೊಂದು. ನಮ್ಮ ಆಫೀಸಿಗೆ ಬರೋ ಮೇಲ್‌ಗಳಲ್ಲಿ ಲೆಫೆವ್ರ್ ಅಂತ ಒಬ್ಬರಿದ್ದಾರೆ, ನಡುವೆ ಒಂದು ಬಿ ಅಕ್ಷರ ಸುಮ್ನೆ ಕೂತಿರತ್ತೆ.

ಮದಾಮ್ ಶಿವಣ್ಣ, ಲಿಲ್

ಅಕ್ಕಾ, ಆ ಬಿ ಅಕ್ಷರ ನನ್ನ ನೆಚ್ಚಿನ ವಿಷಯ. ಯಾರೂ ಅದನ್ನ ಉಚ್ಚರಿಸಲ್ಲ. ಮೊದಲು ಇರಲೂ ಇಲ್ಲ. ಲ್ಯಾಟಿನ್ ಕಲಿತ ಗುಮಾಸ್ತರು "ಇದು ಫಾಬೆರ್‌ನಿಂದ ಬಂದದ್ದು, ಅದರಲ್ಲಿ ಬಿ ಇದೆಯಲ್ಲ" ಅಂತ ತಮ್ಮ ಪಾಂಡಿತ್ಯ ತೋರಿಸೋಕೆ ತುರುಕಿದ್ರು. ಅಲ್ಲಿಗೆ ಮುಗೀಲಿಲ್ಲ. ಹಳೇ ಬರವಣಿಗೆಯಲ್ಲಿ ಯು, ವಿ ಎರಡಕ್ಕೂ ಒಂದೇ ಅಕ್ಷರ. ಬಿ ಬಂದಮೇಲೆ ಪಕ್ಕದ ವಿಯನ್ನ ಕೆಲವರು ಯು ಅಂತ ಓದಿದ್ರು. ಹೀಗೆ ಲೆಫೆಬ್ಯುರ್ ಅನ್ನೋ ಹೊಸ ಹೆಸರೇ ಹುಟ್ಟಿಕೊಳ್ತು! ಇವತ್ತು ಅದೇ ಹೆಸರಿನ ಮನೆತನಗಳಿವೆ. ಕಮ್ಮಾರನೂ ಅಲ್ಲ, ಊರೂ ಅಲ್ಲ, ಓದಿದ್ದು ತಪ್ಪಾಗಿ ಹುಟ್ಟಿದ ವಂಶ.

ಬರೀತಿದ್ದೋರು ಮೊದಲಿಗೆ ಪಾದ್ರಿಗಳು. 1539ರಲ್ಲಿ ಮೊದಲನೇ ಫ್ರಾನ್ಸ್ವಾ ದೊರೆ ವಿಲೆರ್-ಕೋತ್ರೆ ಅನ್ನೋ ಊರಿನಲ್ಲಿ ಹೊರಡಿಸಿದ ಶಾಸನದ ಪ್ರಕಾರ ಪ್ರತಿ ಚರ್ಚೂ ಜ್ಞಾನಸ್ನಾನದ ದಾಖಲೆ ಇಡಬೇಕಾಯ್ತು. ನ್ಯಾಯಾಲಯದ ಕಾಗದಪತ್ರ ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲೇ ಇರಬೇಕು ಅಂದದ್ದೂ ಅದೇ ಶಾಸನ. 1792ರ ಸೆಪ್ಟೆಂಬರಿನಲ್ಲಿ ದಾಖಲೆ ಪಾದ್ರಿಗಳ ಕೈಯಿಂದ ಊರ ಆಡಳಿತಕ್ಕೆ ಹೋಯ್ತು. ಕಾಗುಣಿತ ಗಟ್ಟಿಯಾಗಿ ನಿಂತದ್ದು ಇನ್ನೂ ತಡವಾಗಿ, 1877ರಲ್ಲಿ ಮದುವೆಯಾದವರ ಕೈಗೆ ಕುಟುಂಬದ ಪುಸ್ತಿಕೆ ಕೊಡೋಕೆ ಶುರುಮಾಡಿದ ಮೇಲೆ. ಮನೆಯಲ್ಲೇ ಪುಸ್ತಿಕೆ ಇದ್ರೆ ಗುಮಾಸ್ತ ಮನಸ್ಸಿಗೆ ಬಂದಹಾಗೆ ಬರೆಯೋಕಾಗಲ್ವಲ್ಲ.

ಹೋದ ವಾರ ಓದ್ತಿದ್ದ ಒಂದು ಪುಟ ಹೇಳ್ತೀನಿ. ಲಿಲ್ ಹತ್ತಿರದ ಒಂದು ಹಳ್ಳಿ, 1740ರ ದಶಕದ ಮದುವೆ ದಾಖಲೆ. ಕಂದಿದ ಶಾಯಿ, ಪುಟದ ಅಂಚಿನಲ್ಲಿ ನೀರು ಕುಡಿದ ಕಲೆ. ಪಾದ್ರಿ ಅಂಚಿನಲ್ಲಿ ಮದುಮಗನ ಹೆಸರು ದೆಲಕ್ರುವಾ ಅಂತ ಬರೆದಿದ್ದಾನೆ, ಒಳಗೆ ದೆಲ್‌ಕ್ರುವಾ, ಕೆಳಗೆ ಅಣ್ಣ ಸಾಕ್ಷಿ ಹಾಕೋ ಜಾಗದಲ್ಲಿ ದೆಲಾಕ್ರುವಾ. ಒಂದೇ ಪುಟ, ಒಂದೇ ಮನೆ, ಮೂರು ಹೆಸರು. ಮದುಮಗನಿಗೆ ಸಹಿ ಬರಲ್ಲ, ಶಿಲುಬೆ ಗುರುತು ಹಾಕಿದ್ದಾನೆ. ಅವನ ಹೆಸರು ಹೇಗೆ ಬರೀತಾರೆ ಅಂತ ಅವನಿಗೆ ಗೊತ್ತಾಗೋದಾದ್ರೂ ಹೇಗೆ? ಇದರಲ್ಲಿ ಸೀಮೆ ಗುರುತೂ ಇದೆ. ಫ್ರೆಂಚಿನಲ್ಲಿ ಶಿಲುಬೆ ಸ್ತ್ರೀಲಿಂಗ, ಅದಕ್ಕೆ ಲಾ ಬರಬೇಕು. ಪಿಕಾರ್ದಿ ನುಡಿಯಲ್ಲಿ ಹೆಣ್ಣಿಗೂ ಲ, ಗಂಡಿಗೂ ಲ. ದೆಲಕ್ರುವಾ, ದೆಲರ್ಯು, ದೆಲಕೂರ್ ಅಂತ ಕಂಡ್ರೆ ಉತ್ತರದ ಮಂದಿ ಅನ್ಕೊಳ್ಳಿ. ಪಾದ್ರಿ ಪ್ಯಾರಿಸ್ ಕಡೆ ಓದಿ ಬಂದವನಾಗಿದ್ರೆ ಅದನ್ನ ಲಾ ಅಂತ "ತಿದ್ದಿ"ಬಿಡ್ತಿದ್ದ.

ಮಾಂಟ್ರಿಯಲ್ ಮಂಜು

ಲೇಟಾಗಿ ಬಂದೆ, ಕ್ಷಮಿಸಿ. ಕ್ವೆಬೆಕ್ ಕಡೆಯಿಂದ ಎರಡು ಮಾತು. ಇಲ್ಲಿ ಫೋನ್ ಬುಕ್ಕಿನ ತುಂಬ ಹೂವು: ಲಾಫ್ಲರ್ ಅಂದ್ರೆ ಹೂ, ಲಾತ್ಯುಲಿಪ್ ಅಂದ್ರೆ ಟ್ಯುಲಿಪ್. ಜೊತೆಗೆ ಝೊಲಿಕರ್, ಚೆಂದದ ಹೃದಯ. ಸಾನ್‌ರೆಗ್ರೆ, ಪಶ್ಚಾತ್ತಾಪ ಇಲ್ಲದವ. ಕವಿಗಳ ವಂಶ ಅನ್ಕೊಂಡಿದ್ದೆ. ಇವರೆಲ್ಲ ಸಿಪಾಯಿಗಳು! ಫ್ರೆಂಚ್ ಸೈನ್ಯದಲ್ಲಿ ಸೇರಿದವನಿಗೆ ಪಡೆಯ ಹೆಸರು ಅಂತ ಒಂದು ಬೀಳ್ತಿತ್ತು. ಒಂದೇ ಕಂಪನಿಯಲ್ಲಿ ಹತ್ತು ಜನ ಝಾನ್ ಮಾರ್ತ್ಯಾಂ ಇದ್ರೆ ಹಾಜರಿ ಕೂಗೋದು ಹೇಗೆ? 1665ರಲ್ಲಿ ಇಲ್ಲಿಗೆ ಬಂದ ಕಾರಿಞಾನ್-ಸಾಲಿಯೆರ್ ಪಡೆಯಲ್ಲಿ ಸಾವಿರಕ್ಕೂ ಹೆಚ್ಚು ಸಿಪಾಯಿಗಳಿದ್ರು. ಅವರಲ್ಲಿ ಸುಮಾರು 400 ಜನ ಇಲ್ಲೇ ನೆಲೆ ನಿಂತ್ರು. ಮನೆತನದ ಹೆಸರಿನ ಪಕ್ಕ "ದಿ" ಅಂತ ಹಾಕಿ ಪಡೆಯ ಹೆಸರು ಬರೀತಿದ್ರು, ಅಂದ್ರೆ "ಹೀಗೆ ಕರೆಸಿಕೊಳ್ಳುವವನು". ಮಕ್ಕಳಲ್ಲಿ ಒಬ್ಬ ಅದನ್ನ ಇಟ್ಕೊಂಡ, ಇನ್ನೊಬ್ಬ ಇದನ್ನ. ವಂಶ ಹುಡುಕೋರಿಗೆ ತಲೆನೋವು.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣೋ ಹೆಸರು ತ್ರಾಂಬ್ಲೆ. ಗಾಳಿಗೆ ಎಲೆ ನಡುಗೋ ಒಂದು ಮರ ಇದೆಯಲ್ಲ, ಆಸ್ಪೆನ್, ಅದರ ತೋಪು. ಪೆರ್ಶ್ ಸೀಮೆಯ ರಾಂದೊನೆ ಊರಿಂದ ಬಂದ ಪಿಯೆರ್ ತ್ರಾಂಬ್ಲೆ 1657ರಲ್ಲಿ ಓಝಾನ್ ಅಶೋಂ ಎಂಬುವಳನ್ನ ಮದುವೆಯಾದ. ಇಲ್ಲಿನ ತ್ರಾಂಬ್ಲೆಗಳೆಲ್ಲ ಆ ಒಂದೇ ಜೋಡಿಯ ಸಂತಾನ. ಮದಾಮ್ ಹೇಳಿದ "ಹೆಸರು ಒಂದಾದ್ರೆ ವಂಶ ಒಂದಲ್ಲ" ಅನ್ನೋದಕ್ಕೆ ಇಲ್ಲಿ ಮಾತ್ರ ಉಲ್ಟಾ.

ಕೆಲಸ ಹುಡುಕಿ ಅಮೆರಿಕದ ಬಟ್ಟೆಗಿರಣಿಗಳಿಗೆ ಹೋದವರು ಹೆಸರನ್ನೂ ಇಂಗ್ಲಿಷ್ ಮಾಡ್ಕೊಂಡ್ರು. ಬುವಾವೆರ್ ಗ್ರೀನ್‌ವುಡ್ ಆದ, ರುವಾ ಕಿಂಗ್ ಆದ, ಲೆವೆಕ್ ಬಿಷಪ್ ಆದ.

ಚಿನ್ನಸ್ವಾಮಿ ಗ್ಯಾಲರಿ

ಮಂಜಣ್ಣ, ಮಾರ್ತ್ಯಾಂ ಅಂದ್ರೆ ನಮ್ಮ ಮಾರ್ಟಿನ್ನೇ ತಾನೆ? ಅದ್ಯಾಕೆ ಅಷ್ಟೊಂದು?

ಮಾಂಟ್ರಿಯಲ್ ಮಂಜು

ಹೌದು. ಫ್ರಾನ್ಸಿನಲ್ಲಿ ಮೊದಲನೇ ಸ್ಥಾನ ಅದಕ್ಕೇ. ತೂರ್ ಊರಿನ ಸಂತ ಮಾರ್ಟಿನ್, 397ರಲ್ಲಿ ತೀರಿಕೊಂಡವನು, ಚಳಿಯಲ್ಲಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿ ಕತ್ತರಿಸಿ ಅರ್ಧ ಕೊಟ್ಟವನು. ಮಕ್ಕಳಿಗೆಲ್ಲ ಅವನ ಹೆಸರಿಟ್ರು, ಅಪ್ಪನ ಹೆಸರೇ ಮಗನಿಗೆ ಅಡ್ಡಹೆಸರಾಯ್ತು. ಬೆರ್ನಾರ್, ತೋಮಾ, ರೊಬೆರ್, ರಿಶಾರ್ ಎಲ್ಲ ಇದೇ ದಾರಿಯಲ್ಲಿ ಬಂದವು. ಇದರಲ್ಲಿ ಹೆಚ್ಚು ಹೇಳೋಕೇನಿಲ್ಲ.

ಕುಡ್ಲದ ಕಪ್ತಾನ

ಮಾರಾಯ್ರೆ, ನಾನು ಹಡಗಿನ ಕೆಲಸದವ. ರೀಯೂನಿಯನ್ ದ್ವೀಪದಲ್ಲಿ ಇಳಿದಾಗ ಅಂಗಡಿ ಬೋರ್ಡಿನಲ್ಲಿ ರಾಮಸಾಮಿ ಅಂತ ಕಂಡೆ. ಒಳಗೆ ಹೋಗಿ ತಮಿಳಿನಲ್ಲಿ ಮಾತಾಡಿದ್ರೆ ಆ ಮನುಷ್ಯ ಫ್ರೆಂಚಿನಲ್ಲಿ ನಗಾಡ್ತಾನೆ. ಹೆಸರು ಝಾನ್-ಪಿಯೆರ್ ರಾಮಸಾಮಿ ಅಂತೆ! ಅದೆಂಥದು ಕಥೆ?

ಇತಿಹಾಸದ ಮೇಷ್ಟ್ರು

ಕಪ್ತಾನರೇ, ಇದು ಸ್ವಲ್ಪ ಉದ್ದದ ಕಥೆ. ಫ್ರಾನ್ಸ್ 1848ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ತೆಗೆದುಹಾಕಿತು. ರೀಯೂನಿಯನ್ ಒಂದರಲ್ಲೇ 60,000ಕ್ಕೂ ಹೆಚ್ಚು ಜನ ಒಮ್ಮೆಲೇ ಸ್ವತಂತ್ರರಾದರು. ಗುಲಾಮರಿಗೆ ಅಲ್ಲಿಯವರೆಗೆ ಅಡ್ಡಹೆಸರೇ ಇಲ್ಲ, ಒಂದು ಕರೆಯುವ ಹೆಸರು ಮತ್ತು ದಾಖಲೆಯ ಸಂಖ್ಯೆ ಅಷ್ಟೆ. ಈಗ ಪ್ರಜೆಗಳಾದರಲ್ಲ, ಹೆಸರು ಬೇಕು. ಗುಮಾಸ್ತರು ಸಾಲಾಗಿ ನಿಲ್ಲಿಸಿ ಬರೆದುಕೊಳ್ಳುತ್ತ ಹೋದರು. ಬಿಳಿಯ ತೋಟದ ಒಡೆಯರ ಹೆಸರು ಕೊಡುವಂತಿಲ್ಲ. ಅಷ್ಟು ಹೆಸರು ಎಲ್ಲಿಂದ ತರುವುದು? ಪಂಚಾಂಗದ ಸಂತರು, ರೋಮನ್ ವೀರರು, ಗಿಡಮರ, ಇದ್ದ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿದ್ದು, ಕೆಲವೊಮ್ಮೆ ಬರೀ ಗೇಲಿ. ಕೆರಿಬಿಯನ್ ಸಮುದ್ರದ ಫ್ರೆಂಚ್ ದ್ವೀಪಗಳಾದ ಮಾರ್ತಿನಿಕ್, ಗ್ವಾಡೆಲೂಪ್‌ಗಳಲ್ಲಿ ಆ ಹೆಸರುಗಳು ಇವತ್ತಿಗೂ ಇವೆ.

ತೋಟಗಳಿಗೆ ಆಳು ಸಾಲದೆ ಪಾಂಡಿಚೇರಿ, ಕಾರೈಕಾಲ್‌ಗಳಿಂದ ಕರಾರಿನ ಮೇಲೆ ಜನರನ್ನು ಸಾಗಿಸಿದರು. ಗ್ವಾಡೆಲೂಪ್‌ಗೆ ಒರೆಲಿ ಎಂಬ ಹಡಗು 1854ರ ಡಿಸೆಂಬರಿನಲ್ಲಿ ಮುಟ್ಟಿತು. ನಮ್ಮವರಿಗೂ ಅಡ್ಡಹೆಸರಿರಲಿಲ್ಲ, ಇದ್ದದ್ದು ರಾಮಸಾಮಿ, ವೀರಪಿಳ್ಳೈ ಎಂಬ ಸ್ವಂತ ಹೆಸರು. ಅದನ್ನೇ ಕೇಳಿದಂತೆ ಬರೆದು ಅಡ್ಡಹೆಸರಿನ ಕಾಲಂಗೆ ಹಾಕಿದರು. ಮಕ್ಕಳು ಝಾನ್-ಪಿಯೆರ್ ಆದರು, ತಾತನ ಹೆಸರು ಹಿಂದೆ ಗಟ್ಟಿಯಾಗಿ ಕೂತಿತು. ಗ್ವಾಡೆಲೂಪಿನಲ್ಲಿ ಭಾರತ ಮೂಲದವರಿಗೆ ಪೌರತ್ವಕ್ಕಾಗಿ 1904ರಿಂದ 1923ರವರೆಗೆ ಕೋರ್ಟಿನಲ್ಲಿ ಹೋರಾಡಿದ ಆನ್ರಿ ಸಿದಾಂಬರೋಂ ಅವರ ಹೆಸರಿನೊಳಗೆ ಚಿದಂಬರಂ ಇದೆ ನೋಡಿ.

ಪಾಂಡಿಚೇರಿಯಲ್ಲೂ ಇಂಥದ್ದೊಂದು ನಡೆಯಿತು. 1881ರ ಸೆಪ್ಟೆಂಬರಿನ ಆದೇಶದ ಪ್ರಕಾರ ತನ್ನ ಧರ್ಮದ ಕಾನೂನನ್ನು ಬಿಟ್ಟು ಫ್ರೆಂಚ್ ಸಿವಿಲ್ ಕಾನೂನಿಗೆ ಒಳಪಡುತ್ತೇನೆ ಎಂದು ಬರೆದುಕೊಡುವವನು ಒಂದು ಅಡ್ಡಹೆಸರನ್ನೂ ಆರಿಸಿಕೊಳ್ಳಬೇಕಿತ್ತು. ಆ ಚಳವಳಿಯ ಮುಂದಾಳು ವಕೀಲ ಪೊನ್ನುತಂಬಿ ಪಿಳ್ಳೈ. ಆರಿಸಿಕೊಂಡದ್ದು ಲಾಪೋರ್ತ್, ಎಂದರೆ ಬಾಗಿಲು.

ಕುಡ್ಲದ ಕಪ್ತಾನ

ಅಬ್ಬ! ಮುಂದಿನ ಸಲ ಹೋದ್ರೆ ಆ ಅಂಗಡಿಯವನಿಗೆ ಇದನ್ನೆಲ್ಲ ಹೇಳ್ಬೇಕು. ಅವ ನಂಬುದಿಲ್ಲ.

ಅರಸೀಕೆರೆ ಅಕ್ಕ

ಹೆಣ್ಣುಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ಮದುವೆ ಆದಮೇಲೆ ಅಲ್ಲಿ ಹೆಸರು ಬದಲಾಗತ್ತಾ? ಮತ್ತೆ ಮದಾಮ್, ನಿಮ್ಮ ಹೆಸರು ಶಿವಣ್ಣ ಹೇಗಾಯ್ತು ಅಂತ ಕೇಳಬಹುದಾ?

ಮದಾಮ್ ಶಿವಣ್ಣ, ಲಿಲ್

ಕೇಳಿ ಅಕ್ಕಾ, ಅದರಲ್ಲೇನು. ಕಾನೂನಿನ ಪ್ರಕಾರ ಬದಲಾಗಲ್ಲ. ಕ್ರಾಂತಿಕಾಲದ ಕ್ಯಾಲೆಂಡರಿನಲ್ಲಿ 6 ಫ್ರುಕ್ತಿದೋರ್, ನಮ್ಮ ಲೆಕ್ಕಕ್ಕೆ 1794ರ ಆಗಸ್ಟ್ 23, ಅವತ್ತಿನ ಕಾಯಿದೆ ಇನ್ನೂ ಜೀವಂತವಾಗಿದೆ: ಜನನಪತ್ರದಲ್ಲಿ ಇರೋ ಹೆಸರು ಬಿಟ್ಟು ಬೇರೆ ಇಟ್ಟುಕೊಳ್ಳುವಂತಿಲ್ಲ. ಗಂಡನ ಹೆಸರು ಬರೀ ಬಳಕೆಗೆ. ಆದ್ರೂ ಎಷ್ಟೋ ಹೆಂಗಸರು ಜೀವನಪೂರ್ತಿ ಗಂಡನ ಹೆಸರಲ್ಲೇ ಓಡಾಡ್ತಾರೆ, ಬ್ಯಾಂಕುಗಳು ಕೇಳದೇನೇ ಹಾಗೆ ಬರೆದುಬಿಡ್ತವೆ. ಮಕ್ಕಳಿಗೆ ಅಮ್ಮನ ಹೆಸರು ಕೊಡೋ ಹಕ್ಕು ಬಂದದ್ದು 2005ರಲ್ಲಿ. 2022ರ ಜುಲೈನಿಂದ ದೊಡ್ಡವರು ಅಪ್ಪನ ಹೆಸರು ಬಿಟ್ಟು ಅಮ್ಮನ ಹೆಸರು ತಗೋಬೇಕು ಅಂದ್ರೆ ಊರ ಕಚೇರಿಯಲ್ಲಿ ಒಂದು ಫಾರಂ ತುಂಬಿದ್ರೆ ಸಾಕು. ಕಾರಣ ಕೇಳಲ್ಲ. ಇದು ದೊಡ್ಡ ಬದಲಾವಣೆ, ಬಿಟ್ಟುಹೋದ ಅಪ್ಪನ ಹೆಸರು ಹೊತ್ತು ತಿರುಗ್ತಿದ್ದವರಿಗೆ ಅದರ ಬೆಲೆ ಗೊತ್ತು.

ನನ್ನ ಹೆಸರಾ? ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ಹಾಕಿಸಿದ್ದೆ, ನಮ್ಮ ಹಾಸನದ ಕಡೆ ಅಡ್ಡಹೆಸರು ಎಲ್ಲಿದೆ? ಇಲ್ಲಿ ಆಫೀಸು, ಆಸ್ಪತ್ರೆ, ಮಗನ ಶಾಲೆ, ಎಲ್ಲ ಕಡೆ "ಬೊಂಝೂರ್ ಮದಾಮ್ ಶಿವಣ್ಣ". ಮೊದಲ ಸಲ ಕೇಳಿದಾಗ ಅಪ್ಪ ಬಂದ್ರೇನೋ ಅಂತ ಹಿಂದೆ ತಿರುಗಿ ನೋಡಿದ್ದೆ. ಮಗನ ಜನನಪತ್ರದಲ್ಲಿ ನಮ್ಮ ಮಾವನ ಹೆಸರು ಅಡ್ಡಹೆಸರಾಗಿದೆ. ಇನ್ನು ಅವನ ಮಕ್ಕಳಿಗೂ ಅದೇ. ಹೊಲ ಉಳೋದು ಬಿಟ್ಟು ಊರಾಚೆ ಹೋಗದ ಮಾವನೋರು ಫ್ರಾನ್ಸಿನಲ್ಲಿ ಒಂದು ಮನೆತನದ ಮೂಲಪುರುಷ ಆಗಿದ್ದಾರೆ. ಹೇಳಿದ್ರೆ "ಅದಕ್ಕೆಲ್ಲ ದುಡ್ಡು ಎಷ್ಟು ಕೊಟ್ರಿ" ಅಂತಾರೆ.

ಹುಬ್ಬಳ್ಳಿ ಬಡಿಗೇರ

ಮಾವನೋರಿಗೆ ನಮ್ದೊಂದು ಶರಣು ಹೇಳ್ರಿ. ಅಂದಂಗ ಮೇಷ್ಟ್ರ, ಮ್ಯಾಲೆ ದುಬುವಾ ಅಂದ್ರಲ್ಲ, ಶ್ರೀರಂಗಪಟ್ಟಣದಾಗ ಇದ್ದ ಪಾದ್ರಿ ದುಬುವಾ ಅವನ ಏನು?

ಇತಿಹಾಸದ ಮೇಷ್ಟ್ರು

ಅದೇ ಹೆಸರು ಬಡಿಗೇರರೇ. ಅಬೆ ದುಬುವಾ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಗೆ ಬಂದು, ನಮ್ಮ ಉಡುಪು ತೊಟ್ಟು, ಸಸ್ಯಾಹಾರ ಹಿಡಿದು, ಸಿಡುಬಿನ ಲಸಿಕೆ ಹಾಕಿಸಲು ಹಳ್ಳಿಗಳನ್ನು ಸುತ್ತಿದವನು. 1823ರಲ್ಲಿ ಊರಿಗೆ ಮರಳಿದ. ಹುಟ್ಟಿದ್ದು ಆರ್ದೆಶ್ ಜಿಲ್ಲೆಯ ಸ್ಯಾಂ-ರೆಮೇಝ್ ಹಳ್ಳಿಯಲ್ಲಿ. ಮದಾಮ್, ಅವನ ಜ್ಞಾನಸ್ನಾನದ ದಾಖಲೆ ಈಗಲೂ ನೋಡಲು ಸಿಗುತ್ತದೆಯೇ?

ಮದಾಮ್ ಶಿವಣ್ಣ, ಲಿಲ್

ಹುಡುಕಬಹುದು ಮೇಷ್ಟ್ರೇ. ಜಿಲ್ಲಾ ದಾಖಲೆ ಭಂಡಾರಗಳು ಹಳೇ ಪುಸ್ತಕಗಳನ್ನ ಸ್ಕ್ಯಾನ್ ಮಾಡಿ ನೆಟ್‌ಗೆ ಹಾಕಿವೆ, ಮನೆಯಲ್ಲೇ ಕೂತು ನೋಡಬಹುದು. ಕ್ರಾಂತಿಗಿಂತ ಹಿಂದಿನದಾದ್ರೆ ಚರ್ಚಿನ ದಾಖಲೆ ವಿಭಾಗ, ಆಮೇಲಿನದಾದ್ರೆ ಊರಾಡಳಿತದ್ದು. ಈಚಿನ ಜನನ ದಾಖಲೆ ಮಾತ್ರ 75 ವರ್ಷ ಆಗದೆ ತೋರಿಸಲ್ಲ. ಮೊದಲು ಜಿಲ್ಲೆ, ಆಮೇಲೆ ಊರು, ಆಮೇಲೆ ವರ್ಷ ಆರಿಸಬೇಕು. ಹುಟ್ಟಿದ ವರ್ಷ 1765, 1766 ಎರಡನ್ನೂ ನೋಡಿ. ಪಾದ್ರಿ ಎಂಥ ಕಾಗುಣಿತ ಹಾಕಿರ್ತಾನೋ, ಡಿ ಅಕ್ಷರದಿಂದ ಶುರುವಾಗೋದನ್ನೆಲ್ಲ ಓದಿ.

ಇತಿಹಾಸದ ಮೇಷ್ಟ್ರು

ಈ ಭಾನುವಾರ ಕೂರುತ್ತೇನೆ. ಅಕ್ಷರ ಬಿಡಿಸಲಾಗದಿದ್ದರೆ ಪುಟದ ಚಿತ್ರವನ್ನು ಇಲ್ಲೇ ಹಾಕುತ್ತೇನೆ ತಾಯಿ, ಓದಿ ಹೇಳಬೇಕು.